ದಡ್ಡನ ನೆತ್ತಿಯ ಬಿದಿರು

ನಲವತ್ತು ದಾಟಿದ ಮೇಲೆ ಚೀನೀ ಭಾಷೆ ಕಲಿಯಹೊರಟ ನನಗೆ ಮೊದಲು ನಾಟಿದ ಗುಣವಾಚಕ ‘ಬನ್’. ದಡ್ಡ, ಕೈಚುರುಕಿಲ್ಲದವನು ಎಂದರ್ಥ. ಅದರ ಚರಿತ್ರೆಯಾದರೋ ಬೇರೆ. ಕ್ರಿ. ಶ. 100ರ ಸುಮಾರಿಗೆ ಷು ಷೆನ್ ರಚಿಸಿದ ‘ಷುವೊವೆನ್ ಜಿಯೆತ್ಸು’ ನಿಘಂಟಿನಲ್ಲಿ ಈ ಅಕ್ಷರಕ್ಕೆ ಬಿದಿರಿನ ಒಳಭಾಗವೆಂದಷ್ಟೇ ಅರ್ಥ; ಅದರ ನೆತ್ತಿಯ ಮೇಲೆ ಇಂದಿಗೂ ಬಿದಿರಿನ ಗುರುತಿದೆ. 648ರಲ್ಲಿ ಮುಗಿದ ಜಿನ್ ರಾಜವಂಶದ ಇತಿಹಾಸದಲ್ಲಿ ಸ್ಥೂಲಕಾಯದ ಅಧಿಕಾರಿಯೊಬ್ಬನ ಅಡ್ಡಹೆಸರಿಗೆ ಇದೇ ಮಾತು ಸೇರಿದೆ. ಮೈಯ ಜಡತೆಗೂ ಬುದ್ಧಿಯ ಜಡತೆಗೂ ಕಡೆಗೆ ಒಂದೇ ಮಾತಾಯಿತು.

ಬಿದಿರಿನ ಕೆಳಗೆ ಉಚ್ಚಾರಣೆಗೆಂದು ನಿಂತಿರುವುದು ‘ಬೇರು’ ಎಂಬ ಅಕ್ಷರ. ದನಿಯ ಇಳಿತ ತಪ್ಪಿ, ದಡ್ಡನೆನ್ನಹೋಗಿ ನಾನು ಬೇರೆಂದದ್ದೂ ಉಂಟು!

‘ದಡ್ಡ ಹಕ್ಕಿ ಮೊದಲು ಹಾರುತ್ತದೆ’ ಎಂಬುದು ಚೀನೀಯರ ಗಾದೆ. ಮಂದನಾದವನು ಮುಂಚೆ ಹೊರಡಲಿ ಎಂಬ ಭಾವ. ತರಗತಿಯಲ್ಲಿ ‘ದಡ್ಡ’ ಎಂದು ಎಷ್ಟು ಹುಡುಗರನ್ನು ಕೂರಿಸಿಬಿಟ್ಟೆನೋ! ಹಾರಲು ಅವರಿಗೆ ಹೊತ್ತು ಕೊಟ್ಟಿದ್ದೆನೇ?