ಸೆರೆ

ಬೆಳಗಿನ ಪತ್ರಿಕೆ ಬಿಡಿಸಿದರೆ ಒಂದು ಪುಟದಲ್ಲಿ ಚಿರತೆ ಸೆರೆ, ಇನ್ನೊಂದರಲ್ಲಿ ಸರಗಳ್ಳ ಸೆರೆ, ಕೆಳಗೆ ಕ್ಯಾಮೆರಾದಲ್ಲಿ ಸೆರೆಯಾದ ಸೂರ್ಯಾಸ್ತ. ಎರಡೇ ಅಕ್ಷರ, ಎಲ್ಲಿ ಬೇಕಾದರೂ ಹಿಡಿಸುತ್ತದೆ. ಹಾವೇರಿ, ಧಾರವಾಡದ ಕಡೆ ಹೋದರೆ ಮಾತ್ರ ಸೆರೆ ಎಂದರೆ ಕುಡಿಯುವಂಥದ್ದು. 'ಸೆರೆ ಕುಡದು ಬಂದಾನ' ಅಂದರೆ ಮನೆಯವರಿಗೆ ಅಂದಿನ ರಾತ್ರಿ ನಿದ್ದೆಯಿಲ್ಲ.

ಈ ಎರಡು ಸೆರೆಗಳು ಎದುರುಬದುರಾದದ್ದು 1939ರಲ್ಲಿ, ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ. ಎಸ್. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಜನ ಕೊಡಲಿ ಹಿಡಿದು ಈಚಲು ಮರ ಕಡಿದರು. ಮರ ಬಿದ್ದರೆ ಹೆಂಡ ಇಳಿಯುವುದು ನಿಲ್ಲುತ್ತದೆ, ಮೈಸೂರು ಸರ್ಕಾರದ ಅಬಕಾರಿ ಆದಾಯಕ್ಕೂ ಪೆಟ್ಟು, ಅರಣ್ಯ ಕಾನೂನು ಮುರಿದ ಹಾಗೂ ಆಯಿತು. ಆ ವರ್ಷದ ಅರಣ್ಯ ಸತ್ಯಾಗ್ರಹದಲ್ಲಿ ಕೊಡಲಿ ಹಿಡಿದು ಜೈಲು ಸೇರಿದವರಲ್ಲಿ ದಾವಣಗೆರೆಯ ಬಳ್ಳಾರಿ ಸಿದ್ದಮ್ಮನವರೂ ಒಬ್ಬರು. ಹಿಂದಿನ ವರ್ಷವಷ್ಟೇ ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಬಂಧನದ ರುಚಿ ಕಂಡಿದ್ದವರು. ಹುಟ್ಟಿದ್ದು ಹಾವೇರಿ ಸೀಮೆಯ ದುಂಡಸಿಯಲ್ಲಿ, ಹಾಗಾಗಿ ಎರಡೂ ಸೆರೆ ಅವರ ಕಿವಿಗೆ ಚಿಕ್ಕಂದಿನಿಂದಲೇ ಬಿದ್ದಿರಬೇಕು. ಒಂದನ್ನು ನಿಲ್ಲಿಸಲು ಹೋಗಿ ಇನ್ನೊಂದಕ್ಕೆ ಬಿದ್ದರು. ಎಂಬತ್ತು ವರ್ಷ ಕಳೆದು, 2019ರ ಜನವರಿಯಲ್ಲಿ, ಮದ್ಯ ನಿಷೇಧಿಸಿ ಎಂದು ಸಾವಿರಾರು ಹೆಂಗಸರು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟದ್ದೂ ಚಿತ್ರದುರ್ಗದಿಂದಲೇ. ಆ ಸೆರೆ ಇನ್ನೂ ಇಳಿಯುತ್ತಲೇ ಇದೆ.

ತುರುವನೂರು ಎನ್ನುವಾಗ ನನಗೆ ತುರು ಕೇಳಿಸುತ್ತದೆ, ತುರುಗೋಳು ನೆನಪಾಗುತ್ತದೆ. ಹಳೇ ಕಾಲದಲ್ಲಿ ದನ ಹೊಡೆದುಕೊಂಡು ಹೋದರೆ ತುರುಗೋಳು, ಹೆಂಗಸರನ್ನು ಹಿಡಿದೊಯ್ದರೆ ಪೆಣ್ಬುಯ್ಯಲು. ಸೆರೆ ಬಿಡಿಸಲು ಹೋಗಿ ಸತ್ತ ಗಂಡಸಿಗೆ ವೀರಗಲ್ಲು ನಿಂತಿತು. ಬಿಡಿಸಿಕೊಂಡು ಬಂದವಳು ಆಮೇಲೆ ಹೇಗೆ ಬಾಳಿದಳೆಂದು ಹೇಳುವ ಕಲ್ಲನ್ನು ನಾನಂತೂ ಕಂಡಿಲ್ಲ.

ಇವತ್ತಿಗೂ ಅಷ್ಟೇ. ಗಂಡಸು ಜೈಲಿಗೆ ಹೋದರೆ ಮಾವನ ಮನೆಗೆ ಹೋಗಿದ್ದಾನೆ, ಮುದ್ದೆ ಮುರಿಯುತ್ತಿದ್ದಾನೆ, ಕಂಬಿ ಎಣಿಸುತ್ತಿದ್ದಾನೆ ಎಂದು ನಗಾಡಿಕೊಂಡು ಮುಗಿಸುತ್ತೇವೆ. ಬಂದ ಮೇಲೆ ಕೆಲವರಿಗೆ ಹಾರವೂ ಉಂಟು. ಹೆಂಗಸಿಗೆ ಇರುವುದು ಒಂದೇ ಮಾತು: 'ಜೈಲಿಗೆ ಹೋಗಿ ಬಂದವಳು'. ಅದರಲ್ಲಿ ತಮಾಷೆಯಿಲ್ಲ, ಬಾಗಿಲು ಹಾಕಿಕೊಳ್ಳುವ ಸದ್ದಿದೆ. ದೇಶಕ್ಕಾಗಿ ಹೋದವರಿಗೂ ಅದು ತಪ್ಪಲಿಲ್ಲ. 1932ರಲ್ಲಿ ಯರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಕಳೆದು ಬಂದ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ, ಬಿಡುಗಡೆಯಾಗಿಯೂ ಹೋಗಲು ನೆಲೆಯಿಲ್ಲದ ಹೆಂಗಸರಿಗೆ ತಮ್ಮ ಮನೆಯಲ್ಲೇ ಜಾಗ ಕೊಟ್ಟರು. ಸಿದ್ದಮ್ಮನವರು ಮುಂದೆ ಶಾಸಕಿಯಾದರು, ಹೆಂಗಸರು ಮಕ್ಕಳಿಗೆಂದು ಸಂಸ್ಥೆ ಕಟ್ಟಿದರು. ಒಳಗಿದ್ದು ಬಂದವರಿಗೇ ಹೊರಗಿನ ಬಾಗಿಲ ಅಗುಳಿ ಎಲ್ಲಿದೆಯೆಂದು ಗೊತ್ತಿರುತ್ತದೆಯೋ ಏನೋ.

ಸ್ನೇಹಲತಾ ರೆಡ್ಡಿಯವರ ಕಥೆ ಬೇರೆ. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿದ್ದವರು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧನ, ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯಿದೆ, ಬೆಂಗಳೂರಿನ ಸೆಂಟ್ರಲ್ ಜೈಲು. ಆಸ್ತಮಾದ ಉಬ್ಬಸ ಮೇಲೆ. ತಮ್ಮದೇ ಉಸಿರಿಗೆ ತತ್ವಾರವಿದ್ದಾಗಲೂ ಅವರು ಜಗಳಕ್ಕೆ ನಿಂತದ್ದು ಪಕ್ಕದ ಹೆಂಗಸು ಖೈದಿಗಳಿಗೆ ಬೀಳುತ್ತಿದ್ದ ಏಟಿಗಾಗಿ, ಅವರ ತಟ್ಟೆಗೆ ಬರುತ್ತಿದ್ದ ಕೂಳಿಗಾಗಿ. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು, 20ರಂದು ತೀರಿಕೊಂಡರು. ಹೊರಗೆ ಸಿಕ್ಕಿದ್ದು ಐದು ದಿನ. ಅವರ ಪರವಾಗಿ ಮಾತಾಡಿದ್ದು ಅದೇ ವರ್ಷ ಅಚ್ಚಾದ ಜೈಲಿನ ದಿನಚರಿ. ಆ ಜೈಲಿದ್ದ ಜಾಗ ಈಗ ಫ್ರೀಡಂ ಪಾರ್ಕ್. ರಾಜ್ಯದ ಯಾವ ಮೂಲೆಯ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಬಂದರೂ ಧರಣಿ ಕೂರುವುದು ಅಲ್ಲೇ.

ಸೆರೆಗೆ ಇನ್ನೆರಡು ಅರ್ಥಗಳಿವೆ, ಈಗ ಬಳಕೆ ಕಡಿಮೆ. ಬೆರಳು ಕೂಡಿಸಿ ಅಂಗೈ ಗುಳಿ ಮಾಡಿದರೆ ಅದರಲ್ಲಿ ನಿಲ್ಲುವಷ್ಟು ನೀರು ಒಂದು ಸೆರೆ ನೀರು. ಬೆರಳು ಸ್ವಲ್ಪ ಸಡಿಲವಾದರೂ ಬಾಯಿಗೆ ಬರುವ ಹೊತ್ತಿಗೆ ಖಾಲಿ. ಇನ್ನೊಂದು ಕೊರಳಿನ ನರ. ಮಾತು ಬರಬೇಕಾದಾಗ ಬಾರದೆ ಕೊರಳ ಸೆರೆ ಬಿಗಿಯುತ್ತದೆ. ಜೈಲಿನಿಂದ ಬಂದ ಹೆಂಗಸು ಹತ್ತು ಜನರೆದುರು ಎದ್ದು ನಿಂತು 'ಒಳಗೆ ಹೀಗಿದೆ, ಇದು ಬದಲಾಗಬೇಕು' ಎನ್ನುವ ಮೊದಲು ಬಿಡಿಸಿಕೊಳ್ಳಬೇಕಾದದ್ದು ಈ ಸೆರೆಯನ್ನು. ಅದಕ್ಕೆ ಜಾಮೀನು ಕೊಡುವ ಕೋರ್ಟಿಲ್ಲ, ಕೇಳುವ ಜನ ಕೂತಿರಬೇಕು ಅಷ್ಟೇ.

ಕೋರ್ಟಿನಿಂದ ಆಗುವ ಕೆಲಸಕ್ಕೆ ದಾರಿಯಿದೆ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೆಂದು ಕೇಳದೆ ವಕೀಲರನ್ನು ಉಚಿತವಾಗಿ ಕೊಡಬೇಕು. ನಿಮ್ಮ ಬೀದಿಯ ಯಾರಾದರೂ ಹೆಂಗಸು ಒಳಗಿದ್ದರೆ, ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆದುಕೊಡಿ. ಬಿಳಿ ಹಾಳೆ ಸಾಕು.