ಒಂದೇ ಒಲೆ, ಒಂದೇ ಪಾತ್ರೆ: ಬೇಳೆ ಬೇಯಿಸಿದ ಇತಿಹಾಸ

‘ಅವನ ಬೇಳೆ ಇಲ್ಲಿ ಬೇಯುವುದಿಲ್ಲ’ ಎಂಬ ಮಾತು ಕನ್ನಡದಲ್ಲಿ ದಿನನಿತ್ಯ ಬಳಕೆಯಲ್ಲಿದೆ. ಅದರ ಹಿಂದೆ ಅಡುಗೆಮನೆಯ ಹಳೆಯ ಪಾಡೊಂದು ಅಡಗಿದೆ ಎಂಬುದು ಮಾತ್ರ ಆಡುವವರಿಗೆ ನೆನಪಾಗುವುದಿಲ್ಲ. ಅಕ್ಕಿ ಇಪ್ಪತ್ತು ನಿಮಿಷಕ್ಕೆ ಅನ್ನವಾಗುತ್ತದೆ. ಸೊಪ್ಪು ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ತೊಗರಿಬೇಳೆ ಮಾತ್ರ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ, ಹಳೆಯ ಬೇಳೆಯಾದರೆ ಇನ್ನೂ ಹೆಚ್ಚು ಹೊತ್ತು ಕಾಯಿಸುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಅದರಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಎತ್ತರದ ಊರಾದರೆ ಇನ್ನೊಂದು ತೊಡಕು. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಸೌದೆ ಉರಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು.

ಬೇಳೆ ಬೇಯಿಸುವುದೆಂದರೆ ಸೌದೆ ಮತ್ತು ಸಮಯ ಎರಡನ್ನೂ ಖರ್ಚು ಮಾಡುವುದು. ಸಂಜೆ ಏಳಕ್ಕೆ ಕೆಲಸದಿಂದ ಬಂದು ಎಂಟೂವರೆಗೆ ಮಕ್ಕಳಿಗೆ ಬಡಿಸಬೇಕಾದ ಇಂದಿನ ಮನೆಗಳಲ್ಲಿ ಅಕ್ಕಿ, ಬೇಳೆ, ತರಕಾರಿ ಎಲ್ಲವನ್ನೂ ಒಂದೇ ಕುಕ್ಕರಿಗೆ ಹಾಕಿ ಮುಚ್ಚಿಬಿಡುವುದು ಸಾಮಾನ್ಯ. ಇದನ್ನು ‘ಅವಸರದ ಅಡುಗೆ’ ಎಂದು ಕೊಂಚ ಸಂಕೋಚದಿಂದಲೇ ಹೇಳುವುದುಂಟು. ಆದರೆ ಇತಿಹಾಸದ ಪುಟ ತಿರುವಿದರೆ ಒಂದೇ ಪಾತ್ರೆಯ ಊಟವೇ ಹಳೆಯದು. ದಿನಕ್ಕೆ ನಾಲ್ಕಾರು ಬಗೆ ಮಾಡುವುದು ಬಹುಪಾಲು ಮನೆಗಳಿಗೆ ಆಮೇಲೆ ಬಂದ ರೂಢಿ.

ಪ್ರವಾಸಿಗಳು ಕಂಡ ಕಿಚಡಿ

ಮೊರೊಕ್ಕೊದಿಂದ ಹೊರಟು 14ನೇ ಶತಮಾನದ ಮೂವತ್ತರ ದಶಕದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ, ಇಲ್ಲಿನ ಜನ ಹೆಸರುಕಾಳನ್ನು ಅಕ್ಕಿಯೊಂದಿಗೆ ಬೇಯಿಸಿ ತುಪ್ಪ ಹಾಕಿಕೊಂಡು ಬೆಳಗಿನ ಹೊತ್ತು ತಿನ್ನುತ್ತಾರೆ ಎಂದು ಬರೆದಿದ್ದಾನೆ. ಅದಕ್ಕೆ ಅವನು ಕೊಟ್ಟಿರುವ ಹೆಸರು ‘ಕಿಶ್ರಿ’. 15ನೇ ಶತಮಾನದಲ್ಲಿ ದಖ್ಖನಿಗೆ ಬಂದು ಬಹಮನಿ ರಾಜಧಾನಿ ಬೀದರಿನಲ್ಲಿ ತಂಗಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಈ ನಾಡಿನಲ್ಲಿ ಕುದುರೆಗಳಿಗೂ ಕಿಚಡಿ ಬೇಯಿಸಿ ಹಾಕುವುದನ್ನು ಕಂಡು ದಾಖಲಿಸಿದ. 16ನೇ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅರಮನೆಯ ಕಿಚಡಿಯ ಲೆಕ್ಕವಿದೆ: ಅಕ್ಕಿ ಐದು ಸೇರು, ಬೇಳೆ ಐದು ಸೇರು, ತುಪ್ಪವೂ ಐದು ಸೇರು! ಬಡವನ ಪಾತ್ರೆಗೂ ಬಾದಶಹನ ಪಾತ್ರೆಗೂ ಇದ್ದ ಅಂತರ ಮುಖ್ಯವಾಗಿ ತುಪ್ಪದ್ದು.

ಕನ್ನಡ ನಾಡಿನಲ್ಲಿ ಇದರ ಬಂಧುಗಳು ಹಲವು. ಸಂಕ್ರಾಂತಿಯ ಹುಗ್ಗಿ ಅಕ್ಕಿ, ಹೆಸರುಬೇಳೆಗಳ ಅಡುಗೆ. ಬಿಸಿಬೇಳೆಬಾತ್‌ನ ಹೆಸರಿನಲ್ಲಿ ಮೊದಲೆರಡು ಪದ ಕನ್ನಡದವು. ‘ಬಾತ್’ ಎಂಬುದು ಮರಾಠಿಯ ‘ಭಾತ್’, ಅಂದರೆ ಅನ್ನ. ಅದರ ಮೂಲ ಸಂಸ್ಕೃತದ ‘ಭಕ್ತ’. ಹಳೆಯ ಮೈಸೂರು ಸೀಮೆಯ ಬಸ್ಸಾರು ಇನ್ನೂ ಜಾಣತನದ್ದು. ಬೇಳೆ ಅಥವಾ ಕಾಳಿನ ಜತೆ ಸೊಪ್ಪನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ನೀರನ್ನು ಬಸಿದು ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಮ್ಮೆ ಉರಿಸಿದ ಸೌದೆಯಲ್ಲಿ ಮುದ್ದೆಗೆ ಬೇಕಾದ ಎರಡೂ ಸಿದ್ಧ. ಬೆಂದ ನೀರಿಗಿಳಿದ ಸತ್ವವೂ ಚೆಲ್ಲಿ ಹೋಗುವುದಿಲ್ಲ.

ಈ ಜೋಡಣೆಯ ಹಿಂದೆ ಪೋಷಣೆಯ ವಿವೇಕವೂ ಇದೆ. ಅಕ್ಕಿ, ರಾಗಿ, ಗೋಧಿಯಂಥ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ವಿಜ್ಞಾನ ವಿವರಿಸಿದ್ದು 20ನೇ ಶತಮಾನದಲ್ಲಿ. ಜನರ ನಾಲಿಗೆ ಅದನ್ನು ಎಷ್ಟೋ ಮೊದಲೇ ಕಂಡುಕೊಂಡಿತ್ತು.

ಮೂಳೆ ಕರಗಿಸಿದ ಪಾತ್ರೆ

ಕಡಿಮೆ ಉರುವಲಿನಲ್ಲಿ ಬೇಗ ಬೇಯಿಸುವ ಹಂಬಲ ಯುರೋಪಿನಲ್ಲೂ ಇತ್ತು. ಫ್ರಾನ್ಸಿನಲ್ಲಿ 1647ರಲ್ಲಿ ಹುಟ್ಟಿದ ಡೆನಿಸ್ ಪಾಪಿನ್ ಲಂಡನ್ನಿಗೆ ಬಂದು ರಾಬರ್ಟ್ ಬಾಯ್ಲ್‌ರ ಜತೆ ಗಾಳಿಯ ಒತ್ತಡದ ಪ್ರಯೋಗಗಳಲ್ಲಿ ತೊಡಗಿದ್ದವನು. 1679ರಲ್ಲಿ ಅವನು ಭದ್ರವಾಗಿ ಮುಚ್ಚಳ ಬಿಗಿದ ಲೋಹದ ಪಾತ್ರೆಯೊಂದನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಆವಿ ಹೊರಹೋಗದೆ ಒಳಗೆ ಒತ್ತಡ ಏರುತ್ತದೆ. ಒತ್ತಡ ಏರಿದರೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಪಾತ್ರೆ ಸಿಡಿಯದಿರಲೆಂದು ಅವನು ಅದಕ್ಕೆ ತೂಕದ ಕವಾಟವೊಂದನ್ನು ಅಳವಡಿಸಿದ. ಇಂದಿನ ಕುಕ್ಕರಿನ ನೆತ್ತಿಯ ಮೇಲೆ ಕೂತು ಕೂಗುವ ‘ವೆಯಿಟ್’ ಅದರ ವಂಶದ ಕುಡಿ.

1682ರ ಏಪ್ರಿಲ್ 12ರ ರಾತ್ರಿ ರಾಯಲ್ ಸೊಸೈಟಿಯ ಕೆಲವು ಸದಸ್ಯರಿಗೆ ಪಾಪಿನ್ ಈ ಪಾತ್ರೆಯಲ್ಲೇ ಬೇಯಿಸಿದ ಊಟ ಬಡಿಸಿದ. ಅಂದು ಉಂಡವರಲ್ಲಿ ಜಾನ್ ಎವ್ಲಿನ್ ಒಬ್ಬ. ಗಟ್ಟಿ ಮೂಳೆಗಳೂ ಗಿಣ್ಣಿನಂತೆ ಮೆತ್ತಗಾಗಿದ್ದವು, ಮೀನಿನ ಮುಳ್ಳನ್ನೂ ತಿನ್ನಬಹುದಿತ್ತು ಎಂದು ಅವನು ದಿನಚರಿಯಲ್ಲಿ ಬೆರಗಿನಿಂದ ಬರೆದುಕೊಂಡ. ಅವನು ಗಮನಿಸಿದ ಇನ್ನೊಂದು ಸಂಗತಿ ಹೆಚ್ಚು ಮುಖ್ಯ: ಇದಕ್ಕೆಲ್ಲ ತಗುಲಿದ ಕಲ್ಲಿದ್ದಲು ಎಂಟು ಔನ್ಸಿಗಿಂತ, ಅಂದರೆ ಕಾಲು ಕಿಲೋಗಿಂತ, ಕಡಿಮೆ. ಎಸೆಯುವ ಮೂಳೆಯಿಂದ ಬಡವರಿಗೆ ಆಹಾರ ಒದಗಿಸಬಹುದೆಂಬುದು ಪಾಪಿನ್‌ನ ಆಸೆಯಾಗಿತ್ತು. ಅವನ ಪಾತ್ರೆ ಅಂದಿನ ಅಡುಗೆಮನೆಗಳನ್ನು ಸೇರಲಿಲ್ಲ. ಆದರೆ ಆವಿಯ ಶಕ್ತಿಯ ಕುರಿತ ಅವನ ಮುಂದಿನ ಪ್ರಯೋಗಗಳು ಉಗಿಯಂತ್ರದ ಚರಿತ್ರೆಯನ್ನು ಸೇರಿದವು.

ಸುಮಾರು ನೂರು ವರ್ಷಗಳ ಬಳಿಕ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೌಂಟ್ ರಮ್‌ಫರ್ಡ್ ಎಂಬ ಅಮೆರಿಕ ಮೂಲದ ವಿಜ್ಞಾನಿ ಇದೇ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಎದುರಿಸಿದ. 1790ರಲ್ಲಿ ಅಲ್ಲಿನ ಭಿಕ್ಷುಕರಿಗಾಗಿ ತೆರೆದ ದುಡಿಮೆಯ ಮನೆಯಲ್ಲಿ ದಿನವೂ ಸಾವಿರದಷ್ಟು ಮಂದಿಗೆ ಊಟ ಹಾಕಬೇಕಿತ್ತು. ಬಾರ್ಲಿ, ಬಟಾಣಿ, ಆಲೂಗೆಡ್ಡೆ, ಒಣಗಿದ ಬ್ರೆಡ್ಡಿನ ತುಂಡು, ಹುಳಿಗೆ ವಿನೆಗರ್, ಉಪ್ಪು — ಎಲ್ಲವೂ ಒಂದೇ ಹಂಡೆಯಲ್ಲಿ, ಸಣ್ಣ ಉರಿಯಲ್ಲಿ, ಗಂಟೆಗಟ್ಟಲೆ. ನಮ್ಮ ಕಣ್ಣಿಗೆ ಇದು ಹುಳಿಯ ದೂರದ ನೆಂಟನಂತೆಯೇ ಕಾಣುತ್ತದೆ. ನೀರಿನಲ್ಲೇ ಪೋಷಕ ಶಕ್ತಿಯಿದೆ ಎಂಬ ಅವನ ತರ್ಕ ತಪ್ಪಾಗಿತ್ತು. ಆದರೆ ಉರಿಯನ್ನು ಇಟ್ಟಿಗೆಯ ಗೂಡಿನೊಳಗೆ ಬಂಧಿಸಿದರೆ ಉರುವಲು ಬಹಳಷ್ಟು ಉಳಿಯುತ್ತದೆ ಎಂಬ ಅವನ ಲೆಕ್ಕ ಸರಿಯಾಗಿತ್ತು.

ಕಲ್ಕತ್ತೆಯಿಂದ ಬೆಂಗಳೂರಿಗೆ

ಭಾರತದಲ್ಲಿ ಈ ದಿಕ್ಕಿನಲ್ಲಿ ಗಮನಾರ್ಹ ಹೆಜ್ಜೆ ಇಟ್ಟವರು ಬಂಗಾಳದ ವೈದ್ಯ ಇಂದುಮಾಧವ ಮಲ್ಲಿಕ್. 1910ರ ಸುಮಾರಿಗೆ ಅವರು ರೂಪಿಸಿದ ‘ಇಕ್ಮಿಕ್ ಕುಕ್ಕರ್’ ಒಂದು ಉದ್ದನೆಯ ಕೊಳವೆಯಾಕಾರದ ಪಾತ್ರೆ. ತಳದಲ್ಲಿ ಇದ್ದಿಲ ಕೆಂಡ, ಒಳಗೆ ನೀರು, ಅದರ ಆವಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ. ಪುರಿಯ ಜಗನ್ನಾಥ ದೇವಾಲಯದಲ್ಲಿ ಮಡಕೆಯ ಮೇಲೆ ಮಡಕೆ ಇಟ್ಟು ಬೇಯಿಸುವ ಪದ್ಧತಿ ಇದಕ್ಕೆ ಸ್ಫೂರ್ತಿ ಎಂದು ಹೇಳುವುದುಂಟು. ಬೆಳಿಗ್ಗೆ ಕೆಂಡ ಹಾಕಿಟ್ಟು ಹೊರಗೆ ಹೋದರೆ ಬರುವಷ್ಟರಲ್ಲಿ ಊಟ ಸಿದ್ಧ. ಕಲ್ಕತ್ತೆಯಲ್ಲಿ ಒಂಟಿಯಾಗಿದ್ದು ದುಡಿಯುವವರಿಗೆ ಇದು ವರವಾಯಿತು.

ಪಾಪಿನ್‌ನ ತತ್ವ ಮನೆಯ ಒಲೆಗೆ ಇಳಿದದ್ದು 1930ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪ್ರೆಷರ್ ಕುಕ್ಕರ್ ಜನರ ಗಮನ ಸೆಳೆಯಿತು. 1959ರ ಹೊತ್ತಿಗೆ ಬೆಂಗಳೂರಿನ ‘ಪ್ರೆಸ್ಟೀಜ್’, ಮುಂಬಯಿಯ ‘ಹಾಕಿನ್ಸ್’ ಕುಕ್ಕರುಗಳ ಕಥೆ ಭಾರತದಲ್ಲೂ ಆರಂಭವಾಯಿತು. ಕುಕ್ಕರಿನೊಳಗೆ ಉಷ್ಣತೆ 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮುಕ್ಕಾಲು ಗಂಟೆಯ ಬೇಳೆ ಹದಿನೈದು ನಿಮಿಷಕ್ಕೆ ಬೇಯುತ್ತದೆ. ಮಡಿಕೇರಿಯಾಗಲಿ, ಮಂಗಳೂರಾಗಲಿ, ಊರಿನ ಎತ್ತರದ ತೊಡಕು ಹೆಚ್ಚುಕಡಿಮೆ ಇಲ್ಲವಾಯಿತು. ಅಡುಗೆಮನೆಯಲ್ಲಿ ಸಮಯದ ಅಳತೆಯೇ ಬದಲಾಗಿ ‘ಮೂರು ಕೂಗು’, ‘ಐದು ಕೂಗು’ ಎಂಬ ಲೆಕ್ಕ ಬಂತು.

ಆದರೆ ಸೌದೆ ಒಲೆಯ ಮನೆಗಳ ಪಾಡು ಇದರಿಂದಲೇ ನೀಗಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಅಳೆಯಿತು. ಹಳ್ಳಿ ಬಳಸುವ ಶಕ್ತಿಯ ಬಹುಪಾಲು ಸೌದೆಯದು, ಅದರ ಬಹುಪಾಲು ಉರಿಯುವುದು ಅಡುಗೆಗೆ, ಅದನ್ನು ಆರಿಸಿ ತರುವುದರಲ್ಲಿ ಹೆಂಗಸರು ಮತ್ತು ಮಕ್ಕಳ ಪಾಲು ದೊಡ್ಡದು ಎಂಬುದು ಬೆಳಕಿಗೆ ಬಂತು. ಹೊಗೆ ಕೊಳವೆಯುಳ್ಳ ‘ಅಸ್ತ್ರ ಒಲೆ’ ಬಂದದ್ದು ಈ ಅರಿವಿನಿಂದ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಅಡುಗೆ ಅನಿಲವನ್ನು ಬಡ ಮನೆಗಳಿಗೆ ಒಯ್ದಿತು. ಸಿಲಿಂಡರಿನ ಬೆಲೆ ತೆರುವ ಮನೆಯಲ್ಲೂ ಉರುವಲು ಉಳಿಸುವ ಲೆಕ್ಕ ಇದ್ದೇ ಇದೆ.

ಉಳಿದ ಸಮಯ ಎಲ್ಲಿ ಹೋಯಿತು?

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕುಕ್ಕರು, ಅನಿಲ, ಮಿಕ್ಸಿ ಎಲ್ಲ ಬಂದು ಇಷ್ಟೊಂದು ಸಮಯ ಉಳಿಸಿದ ಮೇಲೆ ಅಡುಗೆಯವರ ಕೈ ಬಿಡುವಾಗಬೇಕಿತ್ತಲ್ಲವೇ?

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿದ್ದಾರೆ. ತೆರೆದ ಬೆಂಕಿಯ ಕಾಲದಲ್ಲಿ ಅಲ್ಲಿನ ಮನೆಗಳ ದಿನನಿತ್ಯದ ಊಟ ಒಂದೇ ಪಾತ್ರೆಯದ್ದು. ಗಂಡಸು ಸೌದೆ ಸೀಳುತ್ತಿದ್ದ, ಧಾನ್ಯವನ್ನು ಗಿರಣಿಗೆ ಒಯ್ಯುತ್ತಿದ್ದ, ಹೆಂಗಸು ಬೇಯಿಸುತ್ತಿದ್ದಳು. ಕಬ್ಬಿಣದ ಒಲೆ ಬಂದಾಗ ಸೌದೆ ಕಡಿಮೆ ಸಾಕಾಯಿತು, ಹಿಟ್ಟು ಅಂಗಡಿಯಲ್ಲೇ ಸಿಕ್ಕಿತು. ಹಗುರಾದದ್ದು ಗಂಡಸಿನ ಕೆಲಸ. ಒಂದೇ ಹೊತ್ತಿಗೆ ಹಲವು ಪಾತ್ರೆ ಇಡಲು ಬಂದದ್ದರಿಂದ ಒಂದು ಬಗೆಯ ಊಟ ನಾಲ್ಕು ಬಗೆಯಾಯಿತು. ಹೆಂಗಸಿನ ಕೆಲಸ ಕುಗ್ಗುವ ಬದಲು ಹಿಗ್ಗಿತು.

ಆ ದೇಶದ ಮಾತು ನಮಗೂ ಸ್ವಲ್ಪ ಹೊಂದುತ್ತದೆ. ನಮ್ಮ ಕುಕ್ಕರಿನ ಜತೆ ಬರುವ ಡಬ್ಬಿಗಳನ್ನೇ ನೋಡಬಹುದು: ಒಂದರಲ್ಲಿ ಅನ್ನ, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ತರಕಾರಿ. ಬೆಂಕಿ ಒಂದೇ ಆದರೂ ಅಡುಗೆ ಮೂರಾಯಿತು. ಆಮೇಲೆ ಸಾರಿಗೊಂದು, ಪಲ್ಯಕ್ಕೊಂದು ಒಗ್ಗರಣೆ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು ಕ್ರಮವಾಗಿ 299 ಮತ್ತು 97 ನಿಮಿಷ ಇತ್ತು. ಐದು ವರ್ಷಗಳಲ್ಲಿ ಹೆಂಗಸರ ಕೆಲಸ ಹತ್ತು ನಿಮಿಷ ಇಳಿದರೆ ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ. ನಡುವಿನ ಅಂತರ ಹಾಗೆಯೇ ಉಳಿದಿದೆ.

ಈ ಹಿನ್ನೆಲೆಯಲ್ಲಿ ವಾರದ ನಡುವಿನ ರಾತ್ರಿಗಳಿಗೆ ಒಂದೇ ಪಾತ್ರೆಯ ಊಟ ಮರಳಿ ಬಂದಿರುವುದು ಸ್ವಾಗತಾರ್ಹ. ನಾಲ್ವರ ಮನೆಗೆ ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆ, ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು ಎರಡು ಲೋಟ, ನೀರು ಆರು ಲೋಟ ಸಾಕು. ತರಕಾರಿ ಹೆಚ್ಚುವಷ್ಟು ಹೊತ್ತು ಬೇಳೆ ನೆನೆದರೆ ಬೇಗ ಬೇಯುತ್ತದೆ. ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಉಕ್ಕುವುದು ಕಡಿಮೆ. ಬೇಳೆ ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನಾಲ್ಕು ಕೂಗಿನ ಬಳಿಕ ಒತ್ತಡ ತಾನಾಗಿ ಇಳಿದ ಮೇಲೆ ಹುಣಸೆರಸ, ಉಪ್ಪು, ಹುಳಿಪುಡಿ ಹಾಕಿ ಐದು ನಿಮಿಷ ಕುದಿಸಿ ಒಗ್ಗರಣೆ ಕೊಟ್ಟರಾಯಿತು. ಹುಣಸೆರಸ ಕೊನೆಗೇ ಹಾಕಬೇಕೆಂದು ಹಿರಿಯರು ಹೇಳುವುದಕ್ಕೆ ಕಾರಣವಿದೆ: ಹುಳಿ ಸೇರಿದರೆ ಬೇಳೆ, ತರಕಾರಿಗಳು ಮೆತ್ತಗಾಗುವುದು ನಿಧಾನವಾಗುತ್ತದೆ.

ಇದನ್ನು ಮಾಡಲು ವಿಶೇಷ ಕೈಚಳಕ ಬೇಡ. ಮನೆಯ ಯಾರಾದರೂ, ಗಂಡಸಾಗಲಿ, ಬೆಳೆದ ಮಕ್ಕಳಾಗಲಿ, ಎರಡು ಸಲ ನೋಡಿ ಮೂರನೆಯ ಸಲ ತಾವೇ ಮಾಡಬಹುದು. ಬೇಳೆ ಬೇಯಲು ಈಗ ಹದಿನೈದು ನಿಮಿಷ ಸಾಕು. ಉಳಿದ ಅರ್ಧ ಗಂಟೆ ಯಾರಿಗೆ ಸೇರಬೇಕು ಎಂಬುದನ್ನು ಕುಕ್ಕರ್ ಹೇಳಲಾರದು; ಮನೆಯವರು ಕೂತು ತೀರ್ಮಾನಿಸಬೇಕು.