ಕನ್ನಡಕ ನಡೆದು ಬಂದ ದಾರಿ

ಶಿವಾಜಿನಗರದ ಒಂದು ಶಾಲೆಯಲ್ಲಿ ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಆರನೇ ತರಗತಿಯ ಒಬ್ಬ ಹುಡುಗ ಕಪ್ಪುಹಲಗೆ ನೋಡಿ ಬರೆದುಕೊಳ್ಳುವಾಗ ‘ಧ’ ಇದ್ದಲ್ಲಿ ‘ದ’, ‘ಫ’ ಇದ್ದಲ್ಲಿ ‘ಪ’ ಬರೆಯುತ್ತಿದ್ದ. ಉರ್ದುವಿನಲ್ಲಿಯೂ ಇದೇ ಕಥೆ. ‘ಬೇ’ ಅಕ್ಷರದ ಕೆಳಗೆ ಒಂದು ನುಕ್ತಾ, ‘ಪೇ’ ಅಕ್ಷರದ ಕೆಳಗೆ ಮೂರು. ಅವನಿಗೆ ಎರಡೂ ಒಂದೇ. ಗದರಿಸಿದೆ, ಹತ್ತು ಹತ್ತು ಸಲ ಬರೆಸಿದೆ. ಕೊನೆಗೆ ಕಣ್ಣಿನ ತಪಾಸಣೆ ಮಾಡಿಸಿದಾಗ ಎರಡೂ ಕಣ್ಣಿಗೆ ಮೈನಸ್ 2 ಇರುವುದು ತಿಳಿಯಿತು. ಕನ್ನಡಕ ಬಂದ ಮೇಲೆ ನುಕ್ತಾಗಳು ತಾವಾಗಿಯೇ ಸರಿಹೋದವು. ತಪ್ಪು ಹುಡುಗನದಾಗಿರಲಿಲ್ಲ, ನನ್ನದಾಗಿತ್ತು. ಕಣ್ಣಿನ ಈ ಗುಟ್ಟನ್ನು ಮಾನವನು ಹೇಗೆ ಅರಿತನೆಂಬ ಕುತೂಹಲ ನನಗೆ ಹುಟ್ಟಿದ್ದು ಆಗಲೇ.

ಪ್ರಾಚೀನ ಗ್ರೀಸಿನ ಅನೇಕ ಪಂಡಿತರು ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ನಂಬಿದ್ದರು. ಸುಮಾರು 965ರಲ್ಲಿ ಬಸ್ರಾದಲ್ಲಿ ಜನಿಸಿದ ಇಬ್ನ್ ಅಲ್ ಹೈಸಮ್ ಇದನ್ನು ಪ್ರಶ್ನಿಸಿದರು. ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಪ್ರವೇಶಿಸುವುದರಿಂದಲೇ ನೋಟ ಸಾಧ್ಯವೆಂದು ಕೈರೋದಲ್ಲಿ ಬರೆದ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಪ್ರಯೋಗ ಸಹಿತ ವಿವರಿಸಿದರು. ಈ ಗ್ರಂಥ ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯುರೋಪಿನ ವಿದ್ವಾಂಸರಿಗೆ ಶತಮಾನಗಳ ಕಾಲ ಪಠ್ಯವಾಯಿತು. ಆದರೆ ಬಿಂಬ ಮೂಡುವುದು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ, ಎಂದು 1604ರಲ್ಲಿ ವಿವರಿಸಿದವನು ಜರ್ಮನಿಯ ಕೆಪ್ಲರ್.

ಸೋಜಿಗವೆಂದರೆ, ಕಾರಣ ತಿಳಿಯುವ ಮೊದಲೇ ಕನ್ನಡಕ ಬಂದಿತ್ತು! 13ನೇ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ವಯಸ್ಸಾದವರ ಓದಿಗಾಗಿ ಉಬ್ಬುಗಾಜು ಬಳಕೆಗೆ ಬಂತು. ದೂರದ್ದು ಕಾಣದವರಿಗೆ ತಗ್ಗುಗಾಜು ಬಂದದ್ದು ಆಮೇಲೆ. ನಮ್ಮ ನಾಡಿಗೂ ಅದು ಬೇಗನೆ ತಲುಪಿತು. ವಿಜಯನಗರದ ಕೃಷ್ಣದೇವರಾಯನ ಕಾಲದ ವ್ಯಾಸತೀರ್ಥರು ಕನ್ನಡಕವಿಟ್ಟು ಓದುತ್ತಿದ್ದ ಉಲ್ಲೇಖ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆ ಎಂದು ವಿದ್ವಾಂಸ ಪಿ.ಕೆ. ಗೋಡೆ ಗುರುತಿಸಿದ್ದಾರೆ.

ಹಾಗಾದರೆ ಗಾಜು ಮಾಡುವ ಕೆಲಸವೇನು? ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಮಿಲಿಮೀಟರ್ ಹೆಚ್ಚಾದರೂ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿಕೊಂಡು, ಸುಮಾರು 3 ಡಯಾಪ್ಟರಿನಷ್ಟು ಸಮೀಪದೃಷ್ಟಿ ಉಂಟಾಗುತ್ತದೆ. ಮೈನಸ್ 2 ಇರುವ ಮಗುವಿಗೆ ಅರ್ಧ ಮೀಟರಿನಾಚೆ ಇರುವುದೆಲ್ಲ ಮಸುಕು. ಪುಸ್ತಕ ಸ್ಪಷ್ಟ, ಕಪ್ಪುಹಲಗೆ ಅಸ್ಪಷ್ಟ. ಆದ್ದರಿಂದಲೇ ‘ಪುಸ್ತಕ ಚೆನ್ನಾಗಿ ಓದುತ್ತಾನಲ್ಲ’ ಎಂದು ನಾವು ಮೋಸಹೋಗುತ್ತೇವೆ. ತಗ್ಗುಗಾಜು ಕಿರಣಗಳನ್ನು ಸ್ವಲ್ಪ ಹರಡಿ, ಬಿಂಬವನ್ನು ಹಿಂದಕ್ಕೆ ಸರಿಸಿ ಅಕ್ಷಿಪಟಲದ ಮೇಲೆ ಕೂರಿಸುತ್ತದೆ.

ಇನ್ನೊಂದು ದೋಷ ಅಸ್ಟಿಗ್ಮಾಟಿಸಂ. ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲೂ ಸಮನಾಗಿಲ್ಲದಿದ್ದರೆ ಅಡ್ಡಗೆರೆ ಸ್ಪಷ್ಟವಿದ್ದಾಗ ಉದ್ದಗೆರೆ ಮಸುಕಾಗಬಹುದು. ಥಾಮಸ್ ಯಂಗ್ 1801ರಲ್ಲಿ ತನ್ನ ಕಣ್ಣಿನಲ್ಲೇ ಇದನ್ನು ಅಳೆದ. ಖಗೋಳವಿಜ್ಞಾನಿ ಜಾರ್ಜ್ ಏರಿ 1825ರ ಹೊತ್ತಿಗೆ ತನ್ನ ಎಡಗಣ್ಣಿಗಾಗಿ ಸಿಲಿಂಡರ್ ಗಾಜು ಮಾಡಿಸಿಕೊಂಡ. ಇಂದು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗೆ ಒಯ್ಯುವ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆದಿರುವುದು ಇದೇ. ನೋಟವನ್ನು ಅಳೆಯುವ ಅಕ್ಷರಪಟ್ಟಿಯನ್ನು 1862ರಲ್ಲಿ ರೂಪಿಸಿದವರು ಹಾಲೆಂಡಿನ ಸ್ನೆಲೆನ್. ಅದರ 6/6 ಸಾಲಿನ ಅಕ್ಷರ 6 ಮೀಟರ್ ದೂರಕ್ಕೆ ಸುಮಾರು 9 ಮಿಲಿಮೀಟರ್ ಎತ್ತರವಿರುತ್ತದೆ.

ನಮ್ಮ ಬೆಂಗಳೂರು ಈ ಚರಿತ್ರೆಯಲ್ಲಿ ಹಿಂದುಳಿದಿಲ್ಲ. 1896ರಲ್ಲಿ ಚಿಕ್ಕದಾಗಿ ಆರಂಭವಾದ ಕಣ್ಣಿನ ಆಸ್ಪತ್ರೆ 1913ರಲ್ಲಿ ಹೊಸ ಕಟ್ಟಡಕ್ಕೆ ಬಂದು ಮಿಂಟೋ ಆಸ್ಪತ್ರೆಯೆಂದು ಹೆಸರಾಯಿತು. ಸರ್ ಸಿ.ವಿ. ರಾಮನ್ ತಮ್ಮ ಇಳಿವಯಸ್ಸಿನಲ್ಲಿ ಇದೇ ನಗರದಲ್ಲಿದ್ದು ದೃಷ್ಟಿಯ ಬಗ್ಗೆ ಸಂಶೋಧಿಸಿ, 1968ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಎಲ್ಲ ದೋಷವನ್ನೂ ತಿದ್ದಿದರೆ ನೋಟ ಎಷ್ಟು ಚುರುಕಾದೀತು? 1997ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಆಕಾರ ಬದಲಿಸುವ ಕನ್ನಡಿಯಿಂದ ಸಾಮಾನ್ಯ ಕನ್ನಡಕಕ್ಕೆ ನಿಲುಕದ ಸೂಕ್ಷ್ಮ ದೋಷಗಳನ್ನೂ ಸರಿಪಡಿಸಿದರು. ಸಾಮಾನ್ಯವಾಗಿ ಕಾಣದ ನವಿರು ಗೆರೆಗಳು ಕಂಡವು. ಆದರೂ ಒಂದು ಮಿತಿಯುಂಟು. ಅಕ್ಷಿಪಟಲದ ಕೋಶಗಳ ದಟ್ಟಣೆಗಿಂತ ಹೆಚ್ಚು ಸೂಕ್ಷ್ಮವಾದುದನ್ನು ಯಾವ ಗಾಜೂ ತೋರಿಸಲಾರದು. ಮೆದುಳಿನದೂ ಒಂದು ಪಾಲಿದೆ: ಎಳೆಯ ವಯಸ್ಸಿನಲ್ಲಿ ಮಸುಕು ಬಿಂಬವನ್ನೇ ಕಂಡ ಕಣ್ಣು ‘ಸೋಮಾರಿ ಕಣ್ಣು’ ಆಗಿ, ಮುಂದೆ ಕನ್ನಡಕ ಹಾಕಿದರೂ ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು. ಏಳೆಂಟು ವರ್ಷದೊಳಗೆ ತಪಾಸಣೆ ಮಾಡಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

‘ಕನ್ನಡಕ ಹಾಕಿದರೆ ನಂಬರ್ ಏರುತ್ತದೆ’, ‘ಹುಡುಗಿಗೆ ಐನಕ್ ಹಾಕಿಸಿದರೆ ಸಂಬಂಧ ಬರುವುದಿಲ್ಲ’ ಎಂಬ ಮಾತು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಮೊದಲನೆಯದು ಸುಳ್ಳು, ಎರಡನೆಯದು ಅನ್ಯಾಯ. ವಿದ್ಯಾರ್ಥಿ ಮಿತ್ರರೇ, ಹಲಗೆ ಕಾಣದಿದ್ದರೆ ನಾಚದೆ ಹೇಳಿ. ಶಿಕ್ಷಕ ಬಂಧುಗಳೇ, ಮಗುವನ್ನು ದಡ್ಡನೆನ್ನುವ ಮೊದಲು ಒಮ್ಮೆ ಅದರ ಕಣ್ಣು ಪರೀಕ್ಷೆ ಮಾಡಿಸಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.